ಪಡಸಾಲೆಯಲ್ಲಿ ಯಾರಿಗೆ ಎಷ್ಟು ಜಾಗ?

ಗೃಹಪ್ರವೇಶದ ಮುಹೂರ್ತ ನಿಶ್ಚಯವಾದೊಡನೆ ರಾಯದುರ್ಗ, ಮಡಕಶಿರಗಳ ಮನೆಗಳಲ್ಲಿ ಏಳುವ ಮೊದಲ ಚರ್ಚೆ ಸೋಫಾ ಸೆಟ್ಟಿನದು. ಬಳ್ಳಾರಿಯಿಂದ ತರುವುದೋ, ಹಿಂದೂಪುರದಿಂದ ತರುವುದೋ, ಊರಿನ ಬಡಗಿಯಿಂದಲೇ ಮಾಡಿಸುವುದೋ ಎಂಬಲ್ಲಿಂದ ಮಾತು ಆರಂಭವಾಗುತ್ತದೆ. ಬೆಲೆ, ಬಣ್ಣ, ಬೀಗರ ಮನೆಯಲ್ಲಿ ಕಂಡ ಮಾದರಿ ಎಲ್ಲವೂ ಅದರಲ್ಲಿ ಬರುತ್ತವೆ. ಬಾರದೆ ಉಳಿಯುವ ಪ್ರಶ್ನೆ ಒಂದೇ: ಆ ಕೋಣೆಯಲ್ಲಿ ದಿನವೂ ಯಾರು ಏನು ಮಾಡುತ್ತಾರೆ?

ಎರಡು ಕೋಣೆಯ ಮನೆಯಲ್ಲಿ ಪಡಸಾಲೆಯೆಂಬುದು ಅತಿಥಿಗಳಿಗಾಗಿ ಮೀಸಲಾದ ಸ್ಥಳವಲ್ಲ. ಬೆಳಗಿನ ಕಾಫಿ, ಪತ್ರಿಕೆಯ ಓದು, ಮಧ್ಯಾಹ್ನದ ಹೊಲಿಗೆ, ಸಂಜೆಯ ಮನೆಪಾಠ, ರಾತ್ರಿಯ ಹಾಸಿಗೆ, ಇವೆಲ್ಲಕ್ಕೂ ಅದೊಂದೇ ಆಸರೆ. ಅತಿಥಿಗಳು ತಿಂಗಳಿಗೆ ನಾಲ್ಕು ಸಲ ಬಂದಾರು. ಮಗು ಮಾತ್ರ ಪ್ರತಿ ಸಂಜೆಯೂ ಅಲ್ಲಿಯೇ ಪುಸ್ತಕ ಬಿಚ್ಚಬೇಕು.

ಹಿಂದಿನ ಮಾಳಿಗೆ ಮನೆಗಳ ಪಡಸಾಲೆಗೆ ಈ ತೊಡಕು ಇರಲಿಲ್ಲ. ಜಮಖಾನೆ, ಚಾಪೆ, ಮಣೆ, ಗೋಡೆಯೊಳಗಿನ ಗೂಡು, ಮೇಲೊಂದು ನಾಗಂದಿಗೆ, ಮೂಲೆಯಲ್ಲಿ ಪೆಟ್ಟಿಗೆ, ಇಷ್ಟೇ ಅದರ ಸಾಮಾನು. ಕೆಲಸ ಮುಗಿದೊಡನೆ ಹಾಸಿದ್ದನ್ನು ಸುತ್ತಿಟ್ಟರೆ ಕೋಣೆ ಪುನಃ ಬಯಲಾಗುತ್ತಿತ್ತು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆ ಇಂದು ಭೌಗೋಳಿಕ ಸೂಚಕದ ಮನ್ನಣೆ ಪಡೆದಿದೆ. ಅದರ ಮೊದಲ ಗುಣ ಮಡಚಿದರೆ ಜಾಗ ಬೇಡದಿರುವುದು. ಬಳಿಕ ಬಂದ ವಸ್ತುಗಳ ಹೆಸರುಗಳೇ ಅವುಗಳ ಪ್ರಯಾಣವನ್ನು ಹೇಳುತ್ತವೆ. ಕುರ್ಚಿ ಮತ್ತು ಸೋಫಾಗಳ ಮೂಲ ಅರಬ್ಬಿ, ಅಲಮಾರಿನದು ಪೋರ್ಚುಗೀಸ್, ಟೀಪಾಯಿಯದು ಮೂರು ಕಾಲಿನದು ಎಂಬರ್ಥದ ಹಿಂದೂಸ್ತಾನಿ ಪದ. ಭಾಷೆ ಇವೆಲ್ಲಕ್ಕೂ ಎಡೆಗೊಟ್ಟಿತು. ಕೋಣೆಗೆ ಅಷ್ಟು ಔದಾರ್ಯ ಸಾಧ್ಯವಿಲ್ಲ.

ಅಳತೆಯನ್ನೇ ನೋಡಬಹುದು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಪಡಸಾಲೆಯ ವಿಸ್ತೀರ್ಣ 120 ಚದರಡಿ. ಮೂವರು ಕೂರುವ ಸೋಫಾ ಆರೂವರೆ ಅಡಿ ಉದ್ದ, ಮೂರಡಿ ಆಳವಿದ್ದರೆ 19.5 ಚದರಡಿ, ಒಬ್ಬೊಬ್ಬರೇ ಕೂರುವ ಎರಡು ಆಸನಗಳು 18 ಚದರಡಿ, ನಡುವಿನ ಟೀಪಾಯಿ 7 ಚದರಡಿ. ಒಟ್ಟು 44.5 ಚದರಡಿ, ಅಂದರೆ ಕೋಣೆಯ ಮೂರನೆಯ ಒಂದಂಶಕ್ಕಿಂತ ಹೆಚ್ಚು. ಬಾಗಿಲು ತೆರೆಯುವ, ನಡೆದಾಡುವ ದಾರಿಯನ್ನೂ ಕಳೆದರೆ ಚಾಪೆ ಹಾಸಲು ಸಹ ಜಾಗ ಉಳಿಯದು. ಇದಕ್ಕೆ ಬದಲಾಗಿ ಆರಡಿ ಉದ್ದ, ಮೂರಡಿ ಅಗಲದ ಒಂದು ದಿವಾನ 18 ಚದರಡಿಯಲ್ಲಿ ಮುಗಿಯುತ್ತದೆ. ಹಗಲು ಆಸನವಾಗಿ, ರಾತ್ರಿ ಅಜ್ಜಿಯ ಹಾಸಿಗೆಯಾಗಿ, ಕೆಳಗೆ ಪೆಟ್ಟಿಗೆಯಿದ್ದರೆ ಹೊದಿಕೆಗಳ ಉಗ್ರಾಣವಾಗಿ ಮೂರು ಕೆಲಸ ಮಾಡುತ್ತದೆ. ಮಡಚುವ ನಾಲ್ಕು ಕುರ್ಚಿಗಳು ಬಾಗಿಲ ಹಿಂದೆ ನಿಲ್ಲುತ್ತವೆ. ಮೂರಡಿಗೆ ಎರಡಡಿಯ ಓದುಮೇಜು ಬೇಡುವುದು ಕೇವಲ 6 ಚದರಡಿ.

ಮನೆಗೆ ಯಾವುದು ಅವಶ್ಯಕ ಎಂಬ ಬಗ್ಗೆ ಕಾನೂನಿಗೂ ಒಂದು ಅಭಿಪ್ರಾಯ ಉಂಟು. ಸಾಲದ ಡಿಕ್ರಿಗಾಗಿ ಆಸ್ತಿಯನ್ನು ಜಪ್ತಿ ಮಾಡುವಾಗಲೂ ಯಾವ ವಸ್ತುಗಳನ್ನು ಮುಟ್ಟಬಾರದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಪಟ್ಟಿ ಮಾಡಿದೆ. ಋಣಿಯ, ಅವನ ಹೆಂಡತಿಯ ಮತ್ತು ಮಕ್ಕಳ ಅಗತ್ಯ ಉಡುಪು, ಅಡುಗೆಯ ಪಾತ್ರೆ, ಮಂಚ, ಹಾಸಿಗೆಗಳು ಆ ಪಟ್ಟಿಯಲ್ಲಿವೆ. ಕುಶಲಕರ್ಮಿಯ ಉಪಕರಣಗಳೂ ಇವೆ. ಜೀನ್ಸ್ ಹೊಲಿಗೆಯನ್ನೇ ನೆಚ್ಚಿದ ರಾಯದುರ್ಗದ ಅನೇಕ ಕುಟುಂಬಗಳಿಗೆ ಹೊಲಿಗೆ ಯಂತ್ರವೂ ಅಂಥದೇ ಉಪಕರಣ. ಸೋಫಾ ಆ ಪಟ್ಟಿಯಲ್ಲಿಲ್ಲ. ಶತಮಾನಕ್ಕೂ ಹಳೆಯದಾದ ಈ ವಿಂಗಡಣೆ ಕೊಳ್ಳುವವರಿಗೂ ಮಾರ್ಗದರ್ಶಿಯಾಗಬಲ್ಲದು: ಮಲಗುವುದು ಮತ್ತು ದುಡಿಯುವುದು ಮೊದಲು, ಅಲಂಕಾರ ಬಳಿಕ.

ಇನ್ನು ಹವೆಯ ವಿಚಾರ. ಅನಂತಪುರ ಸೀಮೆ ದೇಶದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಇಲ್ಲಿನ ಬೇಸಗೆಯಲ್ಲಿ ಸರಿಯಾಗಿ ಒಣಗದ ಮರ ಕುಗ್ಗುತ್ತದೆ, ಕೀಲು ಸಡಿಲವಾಗುತ್ತದೆ, ಹಲಗೆ ಸೀಳು ಬಿಡುತ್ತದೆ. ರೆಗ್ಜಿನ್ ಹೊದಿಸಿದ ಆಸನ ಏಪ್ರಿಲ್ ಮಧ್ಯಾಹ್ನ ಕೂರಲಾಗದಷ್ಟು ಕಾಯುತ್ತದೆ. ದಪ್ಪ ಹತ್ತಿಬಟ್ಟೆಯ, ಬಿಚ್ಚಿ ಒಗೆಯಬಹುದಾದ ಹೊದಿಕೆಯೇ ಧೂಳಿಗೂ ಸೆಕೆಗೂ ತಕ್ಕುದು. ಹೊಲಿಗೆಯ ಊರಿನಲ್ಲಿ ಅದನ್ನು ಹೊಲಿಸುವುದು ಕಷ್ಟವೇನಲ್ಲ. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಅಗ್ಗವಾದರೂ ನೆಲ ಒರೆಸುವ ನೀರು ತಾಗಿದರೆ ಉಬ್ಬುತ್ತದೆ. ಒಮ್ಮೆ ಕಿತ್ತುಬಂದ ಮೊಳೆ ಅದೇ ತೂತಿನಲ್ಲಿ ಮತ್ತೆ ನಿಲ್ಲದು. ಪ್ಲೈವುಡ್ ಆದರೆ ಅದರ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 303 ಎಂಬ ಸಂಖ್ಯೆಯಿದೆಯೇ ಎಂದು ನೋಡಬೇಕು. ನೀರನ್ನು ಹೆಚ್ಚು ತಡೆಯುವ ಐಎಸ್ 710 ದರ್ಜೆಯದು ದುಬಾರಿ. ಒಣ ಸೀಮೆಯ ಪಡಸಾಲೆಗೆ ಅದು ಸಾಮಾನ್ಯವಾಗಿ ಬೇಕಾಗದು. ಬೇವು, ತೇಗ ಯಾವುದೇ ಆಗಲಿ, ಕಾಲುಗಳು ನೆಲದಿಂದ ನಾಲ್ಕಾರು ಅಂಗುಲ ಎತ್ತರವಿದ್ದರೆ ಕಸ ಗುಡಿಸಲೂ ಬರುತ್ತದೆ, ಗೆದ್ದಲು ಹತ್ತಿದರೆ ಬೇಗನೆ ಕಾಣುತ್ತದೆ.

ಈ ಪತ್ರಿಕೆಯ ಓದುಗರ ಪಾಲಿಗೆ ಇವೆಲ್ಲಕ್ಕಿಂತ ಮಿಗಿಲಾದ ಸಂಗತಿ ಇನ್ನೊಂದಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಬೇಕೆಂದು ಸರಕಾರಗಳಿಗೆ ವಿಧಿಸಿತು. ಆ ವಿಧಿಯ ಅಧಿಕಾರ ಶಾಲೆಯವರೆಗೆ ಸಲ್ಲುತ್ತದೆ. ಮನೆಯ ಹೊಸ್ತಿಲು ದಾಟದು. ಬಸ್ಸಿನ ಹಲಗೆ, ಕಚೇರಿಯ ಅರ್ಜಿ, ಅಂಗಡಿಯ ಫಲಕ ಬಹುಮಟ್ಟಿಗೆ ತೆಲುಗಿನಲ್ಲಿರುವ ಊರಿನಲ್ಲಿ, ಶಾಲೆ ಬಿಟ್ಟ ಮೇಲೆ ಮಗುವಿನ ಕಣ್ಣಿಗೆ ಕನ್ನಡ ಅಕ್ಷರ ಬೀಳಬೇಕಾದರೆ ಅದು ಬೀಳುವುದು ಪಡಸಾಲೆಯಲ್ಲಿಯೇ. ಪುಸ್ತಕಗಳು ಅಟ್ಟದ ಪೆಟ್ಟಿಗೆಯಲ್ಲಿದ್ದರೆ ಅವು ಇದ್ದೂ ಇಲ್ಲದಂತೆ.

ಆದುದರಿಂದ ಗೋಡೆಗೊಂದು ಪುಸ್ತಕದ ಹಲಗೆ ಪಟ್ಟಿಯ ಮೊದಲಿನಲ್ಲಿಯೇ ಇರಬೇಕು. ಹತ್ತು ಅಂಗುಲ ಆಳ ಸಾಕು. ಮುಕ್ಕಾಲು ಅಂಗುಲದ ಹಲಗೆಗೆ ಮೂರಡಿಗೊಂದರಂತೆ ಆಧಾರ ಕೊಡದಿದ್ದರೆ ಪುಸ್ತಕದ ಭಾರಕ್ಕೆ ನಡು ಬಾಗುತ್ತದೆ. ಕೆಳಗಿನ ಸಾಲು ಮಗುವಿನ ಕೈಗೆಟುಕಬೇಕು. ಬೀಗ ಹಾಕಿದ ಗಾಜಿನ ಬಾಗಿಲು ಬೇಡ. ಓದುಮೇಜಿನ ಎತ್ತರ ಮಗುವಿನ ಮೊಣಕೈಗೆ ಸರಿಹೊಂದಬೇಕು, ಕುಳಿತಾಗ ಪಾದ ನೆಲ ಮುಟ್ಟಬೇಕು. ದೊಡ್ಡವರ ಕುರ್ಚಿಯೇ ಗತಿಯಾದರೆ ಕಾಲಕೆಳಗೊಂದು ಮಣೆ ಇಡಬಹುದು. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರಬೇಕು. ಟಿ.ವಿ. ಮಗುವಿನ ಬೆನ್ನ ಹಿಂದಿರಲಿ. ಓದಿನ ಹೊತ್ತಿನಲ್ಲಿ ಅದು ಆರಿರುವುದು ಮಾತ್ರ ಮರದ ಸಾಮಾನಿನಿಂದ ಆಗುವ ಕೆಲಸವಲ್ಲ, ಹಿರಿಯರಿಂದ ಆಗಬೇಕಾದುದು.

ಕೊಳ್ಳುವ ಘಟ್ಟಕ್ಕೆ ಬಂದಾಗ ಗಡಿಯವರಿಗೆ ವಿಶೇಷ ಎಚ್ಚರ ಬೇಕು. ರಾಯದುರ್ಗದವರು ಬಳ್ಳಾರಿಯಲ್ಲಿ, ಮಡಕಶಿರದವರು ಶಿರಾ ಅಥವಾ ಮಧುಗಿರಿಯಲ್ಲಿ ಕೊಂಡ ವಸ್ತು ಕೆಟ್ಟರೆ ಪರರಾಜ್ಯದಲ್ಲಿ ಅಲೆಯಬೇಕೆಂಬ ಭಯ ಸಾಮಾನ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಈ ಭಯವನ್ನು ನೀಗಿಸಿದೆ. ಅದರ 34ನೆಯ ಕಲಮಿನಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. ಬಿಲ್ಲು ಕೊಡದಿರುವುದನ್ನೂ, ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ನಮೂದಿಸದಿದ್ದರೆ ಮೂವತ್ತು ದಿನದೊಳಗೆ ದೋಷಯುಕ್ತ ವಸ್ತುವನ್ನು ಹಿಂಪಡೆದು ಹಣ ಮರಳಿಸದಿರುವುದನ್ನೂ ಇದೇ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ದೂರು ಹೇಳಬಹುದು. ಆದರೆ ಇವೆಲ್ಲಕ್ಕೂ ತಳಹದಿ ಬಿಲ್ಲು. ತೆರಿಗೆ ಉಳಿಸುವ ಆಸೆಗೆ ಬಿಲ್ಲಿಲ್ಲದೆ ತಂದವರು ಕೊಂಡದ್ದನ್ನು ಸಾಬೀತುಪಡಿಸುವ ಮುಖ್ಯ ಸಾಧನವನ್ನೇ ಕೈಬಿಟ್ಟಂತಾಗುತ್ತದೆ. ಜಿಎಸ್‌ಟಿ ದರವಾದರೋ ಗಡಿಯ ಎರಡೂ ಕಡೆ ಒಂದೇ.

ಬಿಲ್ಲಿನಲ್ಲಿ "ಸೋಫಾ ಒಂದು" ಎಂದಿದ್ದರೆ ಸಾಲದು. ಯಾವ ಮರ, ಯಾವ ದರ್ಜೆಯ ಪ್ಲೈವುಡ್, ಫೋಮಿನ ಸಾಂದ್ರತೆ 32ರದೋ 40ರದೋ, ವಾರಂಟಿ ಎಷ್ಟು ಕಾಲ, ಸಾಗಾಣಿಕೆ ಯಾರ ಹೊಣೆ ಎಂಬುದನ್ನು ಬರೆಸಬೇಕು. ಬಡಗಿಯಿಂದ ಮಾಡಿಸುವುದಾದರೂ ಅಳತೆ, ಮರ, ಮುಂಗಡ, ಮುಗಿಸುವ ದಿನ ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು ಅಪನಂಬಿಕೆಯ ಕುರುಹಲ್ಲ. ಮುಂದಿನ ಮನಸ್ತಾಪಕ್ಕೆ ಮೊದಲೇ ಕಟ್ಟಿದ ಒಡ್ಡು. "ಬಡ್ಡಿಯಿಲ್ಲದ ಕಂತು" ಎಂಬ ಮಾತಿಗೂ ಮರುಳಾಗಬಾರದು. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ನಗದಿಗೆ ಎಷ್ಟು ರಿಯಾಯಿತಿ, ಕಂತಿಗೆ ಏನೇನು ಶುಲ್ಕ ಎಂದು ಕೇಳಿ ಕೂಡಿಸಿ ನೋಡಿದರೆ ಬಡ್ಡಿ ಎಲ್ಲಿ ಅಡಗಿದೆಯೆಂದು ತಿಳಿಯುತ್ತದೆ.

ಅಂಗಡಿಗೆ ಹೊರಡುವ ಮುನ್ನ ಮಾಡಬೇಕಾದ ಕೆಲಸ ಒಂದುಂಟು, ಅದಕ್ಕೆ ಖರ್ಚಿಲ್ಲ. ಕೊಳ್ಳಬೇಕೆಂದಿರುವ ಪ್ರತಿ ವಸ್ತುವಿನ ಉದ್ದಗಲವನ್ನು ಸೀಮೆಸುಣ್ಣದಿಂದ ಪಡಸಾಲೆಯ ನೆಲದ ಮೇಲೆ ಗೆರೆ ಎಳೆದು, ಎರಡು ದಿನ ಆ ಗೆರೆಗಳನ್ನು ತುಳಿಯದೆ ಮನೆಮಂದಿ ಓಡಾಡಬೇಕು. ಊಟಕ್ಕೆ ಕೂರುವಾಗ, ಹಾಸಿಗೆ ಹಾಸುವಾಗ, ಮಗು ಬರೆಯಲು ಕುಳಿತಾಗ ಯಾವ ಗೆರೆ ಅಡ್ಡ ಬರುತ್ತದೆಯೋ ಅದನ್ನು ಅಳಿಸಬೇಕು. ಉಳಿದುದರಲ್ಲಿ ಓದುಮೇಜು ಮತ್ತು ಪುಸ್ತಕದ ಹಲಗೆ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲೇ ಮನೆಗೆ ಬರಲಿ. ಸೋಫಾ ದೀಪಾವಳಿಗೆ ಬಂದರೂ ಆದೀತು.