ಗೊರಕೆಯಲ್ಲ, ಅದು ಸಾವಿನ ಸದ್ದು

ರಾತ್ರಿ ಪಾಳಿ ಮುಗಿಸಿ ಬಂದ ಕಾಮಗಾರನು ಸೊಂಟನೋವಿಗೆಂದು ಒಂದು ಗುಳಿಗೆ ನುಂಗುತ್ತಾನೆ. ಕೆಲವು ತಿಂಗಳಲ್ಲಿ ಒಂದು ಸಾಲದು, ಎರಡು ಬೇಕು. ಎರಡು ಸಾಲದು, ಮೇಲೊಂದಿಷ್ಟು ಮದ್ಯವೂ ಬೇಕು. ಒಂದು ದಿನ ಆತ ದೊಡ್ಡದಾಗಿ ಗೊರಕೆ ಹೊಡೆಯುತ್ತ ಬಿದ್ದಿರುತ್ತಾನೆ. “ದಣಿದಿದ್ದಾನೆ, ಮಲಗಲಿ” ಎಂದು ಮನೆಯವರು ಕದ ಮುಂದೆ ಮಾಡುತ್ತಾರೆ. ಸಂಜೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿರುತ್ತದೆ. ಅಮಲಿನ ಔಷಧದ ಅತಿಸೇವನೆಯಿಂದ ಬರುವ ಸಾವು ಬಹಳ ಸಲ ಹೀಗೆಯೇ ನಿದ್ರೆಯ ವೇಷ ತೊಟ್ಟು ಬರುತ್ತದೆ.

ಇದು ದೂರದ ನಗರಗಳ ಹಣವಂತರ ಮಕ್ಕಳ ಪಿಡುಗೆಂದು ಭಾವಿಸುವವರು ಕಣ್ಣು ತೆರೆಯಬೇಕು. ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಫೀಮು ಜಾತಿಯ ಪದಾರ್ಥಗಳನ್ನು ಬಳಸುವವರು ದೇಶದಲ್ಲಿ ಸುಮಾರು 2 ಕೋಟಿ 26 ಲಕ್ಷ. ಅಫೀಮು, ಹೆರಾಯಿನ್‌ಗಳಷ್ಟೇ ಅಲ್ಲ, ಔಷಧದಂಗಡಿಯ ಬಲವಾದ ನೋವಿನ ಗುಳಿಗೆಗಳೂ ಕೋಡೀನ್ ಬೆರೆತ ಕೆಮ್ಮಿನ ಔಷಧವೂ ಇದೇ ಕುಲದವು. ಟ್ರಮಡಾಲನ್ನು ಸರಕಾರ 2018ರಲ್ಲಿ ಮಾದಕವಸ್ತು ಕಾಯಿದೆಯ ಕಟ್ಟಿಗೆ ತಂದಿತು. ಒಂದು ಗುಳಿಗೆಗೆ ಬೇಲಿ ಹಾಕಿದರೆ ಚಟ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ. ದಣಿದ ಮೈಗೆ ವಿಶ್ರಾಂತಿ ಸಿಗದಿರುವವರೆಗೆ ಗುಳಿಗೆಗೆ ಗಿರಾಕಿ ತಪ್ಪುವುದಿಲ್ಲ.

ಈ ಔಷಧಗಳು ಕೊಲ್ಲುವ ಬಗೆ ಒಂದೇ: ಉಸಿರಾಡೆಂದು ಮಿದುಳು ಕೊಡುವ ಅಪ್ಪಣೆಯನ್ನೇ ಅವು ಅಡಗಿಸುತ್ತವೆ. ಮದ್ಯ ಇಲ್ಲವೆ ನಿದ್ರೆಗುಳಿಗೆ ಜೊತೆ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಇನ್ನೊಂದು ಮಾತು ಬಹಳ ಮಂದಿಗೆ ತಿಳಿಯದು. ಸೆರೆಮನೆಯಿಂದಲೋ ಚಿಕಿತ್ಸಾ ಕೇಂದ್ರದಿಂದಲೋ ಮರಳಿದವನ ಮೈ ಹಳೆಯ ರೂಢಿಯನ್ನು ಮರೆತಿರುತ್ತದೆ. ನಿನ್ನೆ ತಡೆದುಕೊಂಡ ಪ್ರಮಾಣವೇ ಇಂದು ಅವನ ಜೀವ ತೆಗೆಯಬಲ್ಲದು.

ಲಕ್ಷಣಗಳನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು. ಕೂಗಿದರೂ, ಎದೆಯ ಮೂಳೆಯನ್ನು ಗೆಣ್ಣಿನಿಂದ ಉಜ್ಜಿದರೂ ಎಚ್ಚರಾಗದಿರುವುದು, ಉಸಿರು ತೀರ ನಿಧಾನವಾಗುವುದು, ಇಲ್ಲವೆ ಗಂಟಲಲ್ಲಿ ಗೊರಗೊರ ಸದ್ದಾಗುವುದು, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು, ತುಟಿ, ಉಗುರು ನೀಲಿಯಾಗಿ ಇಲ್ಲವೆ ಬೂದಿಬಣ್ಣಕ್ಕೆ ತಿರುಗುವುದು. ಇವೆಲ್ಲ ಕೂಡಿಯೇ ಕಾಣಬೇಕೆಂದಿಲ್ಲ.

ಆಗ ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಿ ಉಸಿರಿನ ದಾರಿ ತೆರೆಯಬೇಕು. ಉಸಿರು ನಿಂತಿದ್ದರೆ ಮೂಗು ಹಿಡಿದು, ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ನಾಡಿಯೂ ಸಿಗದಿದ್ದರೆ ಎದೆಯ ನಡುವೆ ಬಲವಾಗಿ, ಬೇಗ ಬೇಗ ಒತ್ತಬೇಕು. ಉಸಿರಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ವಾಂತಿ ಬಂದರೂ ಗಂಟಲು ಕಟ್ಟದು. ಮಜ್ಜಿಗೆ, ನಿಂಬೆರಸ, ಉಪ್ಪುನೀರು ಯಾವುದನ್ನೂ ಹೊಯ್ಯಕೂಡದು. ತಣ್ಣೀರೆರಚುವುದು, ಎಬ್ಬಿಸಿ ನಡೆಸುವುದು ಕೂಡದು. ನುಂಗಿದ ಗುಳಿಗೆಯ ಪಟ್ಟಿಯನ್ನು ದವಾಖಾನೆಗೆ ಒಯ್ದು ವೈದ್ಯರಿಗೆ ನಿಜವನ್ನೇ ಹೇಳಬೇಕು.

ಅಫೀಮು ಜಾತಿಯ ವಿಷಕ್ಕೆ ನಲಾಕ್ಸೋನ್ ಎಂಬ ಮದ್ದಿದೆ. ಕೊಟ್ಟ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಬಲ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಾತ್ರ. ಆದ್ದರಿಂದ ಎದ್ದು ಕುಳಿತವನನ್ನು ಮನೆಗೆ ಕರೆತರುವುದು ತಪ್ಪು. ಅತಿಸೇವನೆಯನ್ನು ಎದುರಿಗೆ ಕಾಣುವ ಸಂಭವವಿರುವ ಸಾಮಾನ್ಯರ ಕೈಗೂ ಈ ಮದ್ದು ಎಟುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿಯೇ ಹೇಳಿತು. ಅಮೆರಿಕದಲ್ಲಿ 2023ರಿಂದ ಮೂಗಿಗೆ ಸಿಂಪಡಿಸುವ ನಲಾಕ್ಸೋನ್ ಚೀಟಿಯಿಲ್ಲದೆ ದೊರೆಯುತ್ತಿದೆ. ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ಇದರ ಚುಚ್ಚುಮದ್ದು ಇದೆ. ಪಟ್ಟಿಯಲ್ಲಿದ್ದರೆ ಸಾಲದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ 108ರ ಗಾಡಿಯಲ್ಲಿಯೂ ಇರಬೇಕು. ಇದು ನಮ್ಮ ಮೊದಲ ಬೇಡಿಕೆ.

ಎರಡನೆಯದು ಇನ್ನೂ ಮುಖ್ಯವಾದುದು. ಜೊತೆಗಾರ ಬಿದ್ದೊಡನೆ ಗೆಳೆಯರು ಓಡಿಹೋಗುವುದು ನಿರ್ದಯೆಯಿಂದಲ್ಲ, ಪೋಲೀಸರ ಹೆದರಿಕೆಯಿಂದ. 1985ರ ಕಾಯಿದೆಯ 64ಎ ಕಲಮು, ತಾನಾಗಿ ಚಿಕಿತ್ಸೆಗೆ ಬರುವ ಚಟಗಾರನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಹೊತ್ತುತಂದ ಗೆಳೆಯನಿಗೆ ಅದರಲ್ಲಿ ಆಸರೆಯಿಲ್ಲ. ಜೀವ ಉಳಿಸಲು ಬಂದವನ ಮೇಲೆ ಸೇವನೆಯ ಮೊಕದ್ದಮೆ ಹೂಡಕೂಡದೆಂದು ಕಾಯಿದೆಯೇ ಸ್ಪಷ್ಟವಾಗಿ ಹೇಳಲಿ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಇಂಥ ಕಾನೂನುಗಳಿವೆ.

ಔಷಧದಂಗಡಿಯ ಬಂಧುಗಳಿಗೂ ಒಂದು ಮಾತು. ವೈದ್ಯರ ಚೀಟಿಯಿಲ್ಲದೆ ಈ ಗುಳಿಗೆ ಕೊಟ್ಟು ಗಳಿಸುವ ನಾಲ್ಕು ಕಾಸು ನಿಮ್ಮದೇ ಓಣಿಯ ಮನೆಯೊಂದರ ದೀಪ ಆರಿಸೀತು.

“ಚಟಗಾರ ಸತ್ತರೆ ಸಾಯಲಿ” ಎನ್ನುವವರಿದ್ದಾರೆ. ಸತ್ತವನಿಗೆ ಚಟ ಬಿಡಿಸಲು ಯಾರಿಂದಲೂ ಆಗದು. ಮೊದಲು ಉಸಿರು ಉಳಿಯಲಿ. ಬುದ್ಧಿವಾದವನ್ನು ನಾಳೆ ಹೇಳಬಹುದು.