ಚಿತ್ರ ಬರೀರಿ, ಆಮೇಲೆ ಲಿಮಿಟ್ ಹಾಕಿ

ಎಂ-2 ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್‌ನ ಯಾವ ಕಾರಿಡಾರ್‌ನಲ್ಲಿ ನಿಂತರೂ ಕೇಳೋ ಮಾತು ಒಂದೇ. "ಮಗಾ, ಡಬಲ್ ಇಂಟಿಗ್ರಲ್‌ನಲ್ಲಿ ಯಾವ್ದು ಬರುತ್ತೆ? ಚೇಂಜ್ ಆಫ್ ಆರ್ಡರ್ ಮೂರು ಪ್ರಾಬ್ಲಮ್ ನೋಡ್ಕೊಂಡ್ರೆ ಸಾಕಾ?" ಸಾಕು ಮಗಾ. ನಿಜವಾಗ್ಲೂ ಸಾಕು. ನನ್ನ ತಕರಾರು ಇರೋದೇ ಅಲ್ಲಿ.

ಮೊದಲ ವರ್ಷದಲ್ಲಿ ನಾವು ಓದುವ ವಿಷಯಗಳಲ್ಲಿ ಕಣ್ಣಿಗೆ ಕಾಣುವಂಥದ್ದು ಅಂತ ಏನಾದ್ರೂ ಇದ್ದರೆ ಅದು ಮಲ್ಟಿವೇರಿಯಬಲ್ ಕ್ಯಾಲ್ಕುಲಸ್. ಪಾರ್ಶಿಯಲ್ ಡೆರಿವೇಟಿವ್‌ನಿಂದ ಶುರುವಾಗಿ ಸ್ಟೋಕ್ಸ್ ಥಿಯರಮ್‌ವರೆಗೆ ಇರೋದೆಲ್ಲ ಬೆಟ್ಟ, ಇಳಿಜಾರು, ಹರಿಯೋ ನೀರು, ಹೊಲದ ಗಡಿ. ಆದರೆ ಒಂದೇ ಒಂದು ಚಿತ್ರ ಬರೆಯದೆ ಇದರಲ್ಲಿ ತೊಂಬತ್ತು ಅಂಕ ತೆಗೆಯಬಹುದು. ತೆಗೆದವರು ನಮ್ಮ ಕ್ಯಾಂಪಸ್‌ನಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಹಲವರು ಮುಂದಿನ ಸೆಮಿಸ್ಟರ್‌ಗಳಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಪುಸ್ತಕ ತೆರೆದು ಕರ್ಲ್ ನೋಡಿ ಕಂಗಾಲಾಗ್ತಾರೆ. ಹಿಂದಿನ ವರ್ಷವೇ ಅದೇ ಕರ್ಲ್‌ಗೆ ಡಿಟರ್ಮಿನೆಂಟ್ ಹಾಕಿ ಪೂರ್ತಿ ಮಾರ್ಕ್ಸ್ ತೆಗೆದಿರ್ತಾರೆ!

ಚೇಂಜ್ ಆಫ್ ಆರ್ಡರ್‌ನಿಂದಲೇ ಶುರು ಮಾಡೋಣ. ಎಲ್ಲ ಪುಸ್ತಕದಲ್ಲೂ ಇರೋ ಒಂದು ಲೆಕ್ಕ ತಗೊಳ್ಳಿ. ಇ ಘಾತ ವೈ ಸ್ಕ್ವೇರ್ ಅನ್ನೋ ಫಂಕ್ಷನ್. ಒಳಗಿನ ಇಂಟಿಗ್ರಲ್‌ನಲ್ಲಿ ವೈ, ಎಕ್ಸ್‌ನಿಂದ 1ರವರೆಗೆ. ಹೊರಗಿನದರಲ್ಲಿ ಎಕ್ಸ್, 0ಯಿಂದ 1ರವರೆಗೆ. ಕೊಟ್ಟ ಹಾಗೇ ಮಾಡೋಕೆ ಹೋದರೆ ಮೊದಲ ಹೆಜ್ಜೆಯಲ್ಲೇ ಗಾಡಿ ನಿಲ್ಲುತ್ತೆ, ಯಾಕಂದ್ರೆ ಇ ಘಾತ ವೈ ಸ್ಕ್ವೇರ್‌ಗೆ ನಮಗೆ ಗೊತ್ತಿರೋ ಫಂಕ್ಷನ್‌ಗಳಲ್ಲಿ ಬರೆಯಬಹುದಾದ ಇಂಟಿಗ್ರಲ್ ಇಲ್ಲವೇ ಇಲ್ಲ. ಈಗ ಚಿತ್ರ ಬರೀರಿ. ಅದೊಂದು ತ್ರಿಕೋನ: ಒಂದು ಮೂಲೆ ಸೊನ್ನೆಯಲ್ಲಿ, ಇನ್ನೊಂದು ವೈ ಅಕ್ಷದ ಮೇಲೆ 1ರಲ್ಲಿ, ಮೂರನೆಯದು ಎಕ್ಸ್ ವೈ ಎರಡೂ 1 ಆಗಿರೋ ಕಡೆ. ಪ್ರಶ್ನೆಯಲ್ಲಿ ಕೊಟ್ಟಿರೋದು ಈ ತ್ರಿಕೋನವನ್ನ ನೆಟ್ಟಗೆ ನಿಂತ ಪಟ್ಟಿಗಳಾಗಿ ಕತ್ತರಿಸಿದ ಲೆಕ್ಕ. ಅಡ್ಡಡ್ಡ ಕತ್ತರಿಸಿ ನೋಡಿ. ಪ್ರತಿ ಅಡ್ಡಪಟ್ಟಿಯಲ್ಲೂ ಎಕ್ಸ್ 0ಯಿಂದ ವೈವರೆಗೆ ಹೋಗುತ್ತೆ, ಪಟ್ಟಿಯ ಉದ್ದ ವೈ. ಹಾಗಾಗಿ ಫಂಕ್ಷನ್‌ನ ಮುಂದೆ ಒಂದು ವೈ ಬಂದು ಕೂರುತ್ತೆ. ಅಷ್ಟು ಸಾಕು, ಸಬ್‌ಸ್ಟಿಟ್ಯೂಷನ್ ತಾನಾಗೇ ಆಗುತ್ತೆ. ಉತ್ತರ ಇ ಮೈನಸ್ 1ರ ಅರ್ಧ, ಹೆಚ್ಚುಕಮ್ಮಿ 0.86.

ನಾವು ಏನ್ ಮಾಡ್ತೀವಿ? ಲಿಮಿಟ್‌ಗಳನ್ನ "ತಿರುಗಿಸೋ" ಟ್ರಿಕ್ ಹುಡುಕ್ತೀವಿ. ಯಾರೋ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ ಪಿಡಿಎಫ್‌ನಲ್ಲಿ ಮೂರು ಮಾದರಿ ಇರುತ್ತೆ, ಮೂರನ್ನೂ ಬಾಯಿಪಾಠ ಮಾಡ್ತೀವಿ. ತ್ರಿಕೋನದ ಬದಲು ಪ್ಯಾರಾಬೋಲಾ ಬಂದ ದಿನ ಕಥೆ ಮುಗೀತು.

ಪಾರ್ಶಿಯಲ್ ಡೆರಿವೇಟಿವ್‌ನ ಗತಿಯೂ ಇದೇ. "ಬೇರೆ ಎಲ್ಲ ಕಾನ್‌ಸ್ಟೆಂಟ್ ಅಂದ್ಕೊಂಡು ಡಿಫರೆನ್ಷಿಯೇಟ್ ಮಾಡಿ" ಅನ್ನೋ ಒಂದು ವಾಕ್ಯದಲ್ಲಿ ಮುಗಿಸಿಬಿಡ್ತೀವಿ. ಯಾವುದನ್ನ ಕಾನ್‌ಸ್ಟೆಂಟ್ ಇಟ್ಟಿದ್ದೀವಿ ಅನ್ನೋದೇ ಇಡೀ ಕಥೆ ಅಂತ ಯಾರಿಗೂ ತಲೆಗೆ ಹೋಗಿರಲ್ಲ. ಮೆಕ್ಯಾನಿಕಲ್‌ನವರು ಥರ್ಮೋಡೈನಮಿಕ್ಸ್‌ನಲ್ಲಿ ಒಂದು ವಿಚಿತ್ರ ನೋಡ್ತೀರಿ. ಉಷ್ಣತೆ ಹಾಗೇ ಇಟ್ಟು ವಾಲ್ಯೂಮ್‌ಗೆ ತಕ್ಕಂತೆ ಪ್ರೆಷರ್ ಎಷ್ಟು ಬದಲಾಗುತ್ತೆ. ಪ್ರೆಷರ್ ಹಾಗೇ ಇಟ್ಟು ಉಷ್ಣತೆಗೆ ತಕ್ಕಂತೆ ವಾಲ್ಯೂಮ್ ಎಷ್ಟು. ವಾಲ್ಯೂಮ್ ಹಾಗೇ ಇಟ್ಟು ಪ್ರೆಷರ್‌ಗೆ ತಕ್ಕಂತೆ ಉಷ್ಣತೆ ಎಷ್ಟು. ಮೂರನ್ನೂ ಗುಣಿಸಿ. ಮೇಲೆ ಕೆಳಗೆ ಹೊಡೆದುಹಾಕೋ ನಮ್ಮ ಹೈಸ್ಕೂಲ್ ಬುದ್ಧಿ 1 ಅನ್ನುತ್ತೆ. ಉತ್ತರ ಮೈನಸ್ 1. ಪಿವಿ ಈಕ್ವಲ್ಸ್ ಎನ್‌ಆರ್‌ಟಿ ಹಾಕಿ ನೀವೇ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಮೂರು ಸಲವೂ ನಾವು ಹಿಡಿದು ನಿಲ್ಲಿಸಿದ್ದು ಬೇರೆ ಬೇರೆ ಚರವನ್ನ, ಅಂದ್ರೆ ಒಂದೇ ಮೇಲ್ಮೈ ಮೇಲೆ ಮೂರು ಬೇರೆ ದಿಕ್ಕಿನಲ್ಲಿ ನಡೆದಿದ್ದೀವಿ. ಹೊಡೆದುಹಾಕೋಕೆ ಅವು ಭಿನ್ನರಾಶಿಗಳಲ್ಲ.

ಇನ್ನು ಬೆಟ್ಟಕ್ಕೆ ಬರೋಣ. ಟೋಪೋಶೀಟ್‌ನಲ್ಲಿ ಕಂದು ಬಣ್ಣದ ಕಾಂಟೂರ್ ಗೆರೆಗಳನ್ನ ಸಿವಿಲ್‌ನವರು ನೋಡಿರ್ತೀರಿ, ಟ್ರೆಕ್ಕಿಂಗ್ ಹುಚ್ಚು ಇರೋರೂ ನೋಡಿರ್ತೀರಿ. ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ ಅದು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ಬಯಲು. ಗೆರೆಗೆ ಲಂಬವಾಗಿ, ಏರಿನ ಕಡೆ ಬಾಣ ಹಾಕಿದರೆ ಅದೇ ಗ್ರೇಡಿಯಂಟ್. ಎರಡು ಬೆಟ್ಟದ ನಡುವಿನ ಕಣಿವೆದಾರಿಯಲ್ಲಿ ಬಸ್ ಆ ಕಡೆಗೆ ಇಳಿಯೋಕೆ ಶುರು ಮಾಡೋ ಮುಂಚೆ ಒಂದು ಕ್ಷಣ ಸಮತಟ್ಟಾದ ಜಾಗ ಬರುತ್ತಲ್ಲ, ಅದು ಸ್ಯಾಡಲ್ ಪಾಯಿಂಟ್. ದಾರಿಯಲ್ಲಿ ಬಂದವರಿಗೆ ಅದೇ ಅತಿ ಎತ್ತರ; ಎಡಬಲದ ಬೆಟ್ಟಗಳ ತುದಿಯಿಂದ ನೋಡಿದರೆ ಅದೇ ಅತಿ ತಗ್ಗು. ಆದರೆ ಉತ್ತರಪತ್ರಿಕೆಯಲ್ಲಿ ನಾವು ಬರೆಯೋದು "ಆರ್‌ಟಿ ಮೈನಸ್ ಎಸ್ ಸ್ಕ್ವೇರ್ ಸೊನ್ನೆಗಿಂತ ಕಮ್ಮಿ, ಆದ್ದರಿಂದ ಸ್ಯಾಡಲ್ ಪಾಯಿಂಟ್" ಅಂತ ಮಾತ್ರ. ಮಾರ್ಕ್ಸ್ ಬರುತ್ತೆ. ಘಟ್ಟ ಹತ್ತಿ ಇಳಿದು ಊರಿಗೆ ಹೋಗಿ ಬರೋ ಹುಡುಗನಿಗೂ ಅದು ತಾನು ದಾಟಿದ ಜಾಗ ಅಂತ ಗೊತ್ತಾಗಲ್ಲ.

ಲಗ್ರಾಂಜ್ ಮಲ್ಟಿಪ್ಲೈಯರ್ ಕಥೆ ಇನ್ನೂ ಬೇಜಾರು. ನಿಮ್ಮ ಹತ್ತಿರ 400 ಮೀಟರ್ ಬೇಲಿ ತಂತಿ ಇದೆ, ಆಯತಾಕಾರದ ಜಾಗಕ್ಕೆ ಒಂದು ಸುತ್ತು ಹಾಕಬೇಕು, ವಿಸ್ತೀರ್ಣ ಅತಿ ಹೆಚ್ಚು ಬರಬೇಕು. ನೂರಕ್ಕೆ ನೂರರ ಚೌಕ, 10,000 ಚದರ ಮೀಟರ್. ಲೆಕ್ಕ ಮಾಡೋವಾಗ ಲ್ಯಾಂಬ್ಡಾ 50 ಅಂತ ಬರುತ್ತೆ. ಬಂದ ಕೂಡಲೇ ನಾವು ಅದನ್ನ ಎಲಿಮಿನೇಟ್ ಮಾಡಿ ಬಿಸಾಕ್ತೀವಿ, ಮದುವೆ ಮನೆಯಲ್ಲಿ ಊಟ ಆದ ಮೇಲಿನ ಎಲೆ ತರ. ಆ 50 ಏನು ಹೇಳ್ತಿದೆ ಗೊತ್ತಾ? ಇನ್ನೊಂದು ಮೀಟರ್ ತಂತಿ ಸಿಕ್ಕರೆ ಸುಮಾರು 50 ಚದರ ಮೀಟರ್ ಜಾಗ ಜಾಸ್ತಿ ಆಗುತ್ತೆ ಅಂತ. 401 ಮೀಟರ್ ಹಾಕಿ ನೋಡಿ: ಬಾಹು 100.25, ವಿಸ್ತೀರ್ಣ 10,050 ಚಿಲ್ಲರೆ. ಇನ್ನೊಂದು ಮೀಟರ್ ತಂತಿಗೆ ದುಡ್ಡು ಕೊಡೋದು ಲಾಭವೋ ನಷ್ಟವೋ ಅಂತ ಹೇಳೋ ಸಂಖ್ಯೆ ಅದು. ಅರ್ಥಶಾಸ್ತ್ರದವರು ಇದಕ್ಕೆ ಶ್ಯಾಡೋ ಪ್ರೈಸ್ ಅಂತ ಹೆಸರಿಟ್ಟು ದೊಡ್ಡ ದೊಡ್ಡ ನಿರ್ಧಾರ ತಗೋತಾರೆ. ನಾವು ಹೊಡೆದುಹಾಕ್ತೀವಿ.

ಪೋಲಾರ್‌ಗೆ ಹೋದಾಗ ಬರೋ ಆ ಹೆಚ್ಚುವರಿ "ಆರ್" ಕೂಡ ಹೀಗೇ. ಜಾಕೋಬಿಯನ್ ಅಂತ ಡಿಟರ್ಮಿನೆಂಟ್ ಬಿಡಿಸಿದರೆ ಬರುತ್ತೆ, ಸರಿ. ಮೆಸ್ಸಿನ ಚಪಾತಿ ಮೇಲೆ ಸಮಾನ ಅಂತರದಲ್ಲಿ ವೃತ್ತಗಳನ್ನ ಎಳೆದು, ಆಮೇಲೆ ಮಧ್ಯದಿಂದ ಸಮಾನ ಕೋನದಲ್ಲಿ ಕತ್ತರಿಸಿ. ನಡುವಿನ ತುಂಡು ಚಿಕ್ಕದು, ಅಂಚಿನದು ದೊಡ್ಡದು. ದೂರ ಹೋದಷ್ಟೂ ತುಂಡು ದೊಡ್ಡದಾಗುತ್ತೆ, ಅದಕ್ಕೇ ಆರ್. ಗಾಮಾ ಆಫ್ ಅರ್ಧ ಅಂದ್ರೆ ರೂಟ್ ಪೈ ಅಂತ ಅದೇ ಮಾಡ್ಯೂಲ್‌ನಲ್ಲಿ ಉರು ಹೊಡೀತೀವಲ್ಲ, ಅದನ್ನ ಸಾಧಿಸೋ ದಾರಿಯಲ್ಲೂ ಕೆಲಸ ಮಾಡೋದು ಇದೇ ಆರ್.

ಈಗ ವೆಕ್ಟರ್ ಕ್ಯಾಲ್ಕುಲಸ್. ಕರ್ಲ್ ಅಂದ್ರೆ ಸುಳಿ ಅಂತ ಒಂದೇ ಮಾತಲ್ಲಿ ಹೇಳಿಬಿಡ್ತಾರೆ. ಅದು ಅರ್ಧ ಸತ್ಯ. ಮಂಡ್ಯದ ಕಡೆಯವರು ವಿ.ಸಿ. ನಾಲೆ ನೋಡಿರ್ತೀರಿ. ನೀರು ನೆಟ್ಟಗೆ ಹೋಗ್ತಿರುತ್ತೆ, ಸುಳಿ ಗಿಳಿ ಏನೂ ಇಲ್ಲ ಅಂದ್ಕೊಳ್ಳಿ. ಆದರೆ ನಡುವೆ ವೇಗ ಜಾಸ್ತಿ, ದಡದ ಹತ್ತಿರ ಕಮ್ಮಿ. ದಡಕ್ಕೂ ನಡುವಿಗೂ ಮಧ್ಯದಲ್ಲಿ ಒಂದು ಪುಟ್ಟ ರೆಕ್ಕೆಚಕ್ರ ಬಿಟ್ಟರೆ ಒಂದು ಬದಿಗೆ ತಳ್ಳು ಜಾಸ್ತಿ, ಇನ್ನೊಂದು ಬದಿಗೆ ಕಮ್ಮಿ, ಚಕ್ರ ತಿರುಗುತ್ತೆ. ನೆಟ್ಟಗೆ ಹರಿಯೋ ನೀರಿಗೂ ಕರ್ಲ್ ಇದೆ. ಇನ್ನೊಂದು ಕಡೆ, ವೇಗ ದೂರಕ್ಕೆ ವಿಲೋಮವಾಗಿ ಕಮ್ಮಿಯಾಗ್ತಾ ಹೋಗೋ ಆದರ್ಶ ಸುಳಿಯಲ್ಲಿ ನಟ್ಟನಡುವಿನ ಬಿಂದು ಬಿಟ್ಟು ಬೇರೆಲ್ಲ ಕಡೆ ಕರ್ಲ್ ಸೊನ್ನೆ! ಇಷ್ಟು ಗೊತ್ತಿದ್ದವನು ಮುಂದೆ ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕಕ್ಕೆ ಹೆದರಲ್ಲ.

ಗ್ರೀನ್ಸ್ ಥಿಯರಮ್ ಯಾಕೆ ಅಂತ ಕೇಳೋರಿಗೆ: ನಿಮ್ಮ ಅಪ್ಪ ಅಥವಾ ಚಿಕ್ಕಪ್ಪ ಮೊಬೈಲ್ ಆ್ಯಪ್ ಆನ್ ಮಾಡಿ ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆದು ಬರ್ತಾರೆ. ಆ್ಯಪ್ "2 ಎಕರೆ 13 ಗುಂಟೆ" ಅನ್ನುತ್ತೆ. ಒಳಗೆ ಒಂದು ಹೆಜ್ಜೆಯೂ ಇಟ್ಟಿಲ್ಲ, ಬರೀ ಗಡಿ ಸುತ್ತಿದ್ದು. ಒಳಗಿನ ವಿಸ್ತೀರ್ಣ ಹೇಗೆ ಗೊತ್ತಾಯ್ತು? ಗಡಿಯ ಉದ್ದಕ್ಕೂ ಎಕ್ಸ್ ಡಿವೈ ಮೈನಸ್ ವೈ ಡಿಎಕ್ಸ್ ಕೂಡಿಸಿ ಅರ್ಧ ಮಾಡಿದರೆ ಒಳಗಿನ ವಿಸ್ತೀರ್ಣ. ಸರ್ವೇಯಿಂಗ್‌ನಲ್ಲಿ ಕೋಆರ್ಡಿನೇಟ್ ಮೆಥಡ್ ಅಂತ ಕಲಿಯೋದು ಇದರದ್ದೇ ನೇರಗೆರೆಯ ರೂಪ. ಈ ಥಿಯರಮ್ ಹೆಸರಿನ ಜಾರ್ಜ್ ಗ್ರೀನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಶಾಲೆಗೆ ಹೋಗಿದ್ದು ಸುಮಾರು ಒಂದು ವರ್ಷ. 1828ರಲ್ಲಿ ತಮ್ಮ ಪ್ರಬಂಧವನ್ನ ತಾವೇ ಅಚ್ಚು ಹಾಕಿಸಿದರು. ಕೇಂಬ್ರಿಜ್‌ಗೆ ವಿದ್ಯಾರ್ಥಿಯಾಗಿ ಸೇರಿದ್ದು ಆಮೇಲೆ, 40ನೇ ವಯಸ್ಸಿನಲ್ಲಿ. ಸ್ಟೋಕ್ಸ್ ಥಿಯರಮ್ ಅಂತೂ ಮೊದಲು ಅಚ್ಚಾಗಿದ್ದೇ ಪ್ರಶ್ನೆಪತ್ರಿಕೆಯಲ್ಲಿ. 1854ರಲ್ಲಿ ಕೇಂಬ್ರಿಜ್‌ನ ಸ್ಮಿತ್ಸ್ ಪ್ರೈಜ್ ಪರೀಕ್ಷೆಗೆ ಸ್ಟೋಕ್ಸ್ ಕೊಟ್ಟ ಪ್ರಶ್ನೆ ಅದು. ಆ ಪರೀಕ್ಷೆ ಬರೆದವರಲ್ಲಿ ಒಬ್ಬರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಕರ್ಲ್ ಅನ್ನೋ ಹೆಸರನ್ನ ಮುಂದೆ ಸೂಚಿಸಿದ್ದೂ ಇವರೇ. ಹಾಗಾಗಿ "ಎಕ್ಸಾಮ್‌ಗೆ ಓದೋದೇ ತಪ್ಪು" ಅಂತ ನಾನು ಹೇಳ್ತಿಲ್ಲ. ಯಾವ ಎಕ್ಸಾಮ್ ಅನ್ನೋದು ಪ್ರಶ್ನೆ.

ಸಿಎಸ್‌ನವರು "ನಮಗೆ ಇದೆಲ್ಲ ಯಾಕೆ ಗುರು" ಅಂತ ಕೇಳೋದು ನಿಲ್ಲಿಸಿ ಒಂದೆರಡು ವರ್ಷ ಆಗಿದೆ, ಎಲ್ಲರ ರೆಸ್ಯೂಮೆಯಲ್ಲೂ ಮೆಷಿನ್ ಲರ್ನಿಂಗ್ ಬಂದಿದೆ. ಗ್ರೇಡಿಯಂಟ್ ಇರೋ ದಿಕ್ಕಿಗೆ ವಿರುದ್ಧವಾಗಿ ಸಣ್ಣ ಸಣ್ಣ ಹೆಜ್ಜೆ ಇಡ್ತಾ ಇಳಿಯೋ ವಿಧಾನವನ್ನ ಕೋಷಿ 1847ರಲ್ಲೇ ಬರೆದಿದ್ದರು. ಜಿಪಿಟಿ-3ರಲ್ಲಿ ಹೀಗೆ ಹೊಂದಿಸಿದ ಪ್ಯಾರಾಮೀಟರ್‌ಗಳು 17,500 ಕೋಟಿ. ಎರಡು ಚರದ ಬೆಟ್ಟವನ್ನೇ ಕಣ್ಣಲ್ಲಿ ತಂದ್ಕೊಳ್ಳದವನು ಅಲ್ಲಿ ಹೋಗಿ ಏನು ಮಾಡ್ತಾನೆ? ಲೈಬ್ರರಿ ಕಾಲ್ ಮಾಡ್ತಾನೆ. ಲಾಸ್ ಇಳಿಯದೆ ನಿಂತಾಗ ಲರ್ನಿಂಗ್ ರೇಟ್ ಸುಮ್ನೆ ಹಿಂದೆ ಮುಂದೆ ಮಾಡಿ ದೇವರಿಗೆ ಹರಕೆ ಹೊರ್ತಾನೆ.

ತಪ್ಪು ಯಾರದ್ದು ಅಂತ ಕೇಳಿದರೆ ಮೇಷ್ಟ್ರನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಒಂದು ಮಾಡ್ಯೂಲ್‌ಗೆ ಎಂಟು ಗಂಟೆ, ಕ್ಲಾಸಿನಲ್ಲಿ ಅರವತ್ತು ಜನ, ಅದರಲ್ಲಿ ಮೂವತ್ತು ಜನರ ಕೈಯಲ್ಲಿ ಫೋನ್. ಬೋರ್ಡಿನ ಮೇಲೆ ಪ್ಯಾರಾಬೊಲಾಯ್ಡ್ ಬರೆಯೋಕೆ ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಎರಡು "ಇಂಪಾರ್ಟೆಂಟ್" ಲೆಕ್ಕ ಮುಗಿಯುತ್ತೆ. ಲೆಕ್ಕ ಮುಗಿಸೋ ಮೇಷ್ಟ್ರನ್ನೇ ನಾವು ಒಳ್ಳೆ ಮೇಷ್ಟ್ರು ಅಂತೀವಿ. ಚಿತ್ರ ಬರೆದು ನಿಧಾನಕ್ಕೆ ಹೇಳೋರ ಕ್ಲಾಸಿಗೆ ಬಂಕ್.

ಆದರೆ ಏಟು ಬೀಳೋದು ಎಲ್ಲರಿಗೂ ಒಂದೇ ಸಮ ಅಲ್ಲ. ಕೋಟಾದ ಕೋಚಿಂಗ್ ಮಾಡಿ ಬಂದವನಿಗೆ ಯಾರೋ ಎಲ್ಲೋ ಈ ಚಿತ್ರಗಳನ್ನ ತೋರಿಸಿರ್ತಾರೆ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವಳಿಗೆ, ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರ್‌ಗೆ ಬಂದು ಎರಡು ಸೆಮಿಸ್ಟರ್ ಗಣಿತವನ್ನ ಬ್ರಿಡ್ಜ್ ಕೋರ್ಸ್‌ನಲ್ಲಿ ನುಂಗಬೇಕಾದವನಿಗೆ ಕೈಗೆ ಸಿಗೋದು ಬರೀ ಸೂತ್ರ. ಅರ್ಥ ಆಗದಿದ್ದಾಗ ಇವರು ಸಿಲಬಸ್‌ನ ಅನುಮಾನಿಸಲ್ಲ, ತಮ್ಮ ತಲೆಯನ್ನೇ ಅನುಮಾನಿಸ್ತಾರೆ. "ನಮ್ಗೆ ಮ್ಯಾಥ್ಸ್ ಬರಲ್ಲ ಬಿಡಣ್ಣ" ಅಂತ ಜೂನಿಯರ್ ಒಬ್ಬ ನಗ್ತಾ ಹೇಳಿದಾಗ ಸಿಟ್ಟು ಬರೋದು ಇದಕ್ಕೆ. ಬದು ಸುತ್ತಿ ವಿಸ್ತೀರ್ಣ ಅಳೆಯೋದು, ನಾಲೆ ನೀರು ಎಲ್ಲಿ ಜೋರು ಅಂತ ಹೇಳೋದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನಿಗೆ ಗೊತ್ತಿರೋದನ್ನೇ ಯಾರೂ ಕೇಳಿಲ್ಲ.

ಹಾಗಂತ ಡೈವರ್ಜೆನ್ಸ್‌ಗೆ ಕನ್ನಡ ಪದ ಹುಡುಕಿ ಅಂತ ನಾನು ಹೇಳಲ್ಲ. ಪದ ಇಂಗ್ಲಿಷಿಂದೇ ಇರಲಿ. "ಇದು ಏನ್ ಮಾಡ್ತಾ ಇದೆ?" ಅನ್ನೋ ಪ್ರಶ್ನೆಗೆ ಉತ್ತರ ಮಾತ್ರ ನಮಗೆ ಬರೋ ಭಾಷೆಯಲ್ಲಿ ಇರಲಿ. ಕನ್ನಡ ಸಂಘ ರಾಜ್ಯೋತ್ಸವದ ಡಿಜೆಗೆ ಹಾಕೋ ಶ್ರಮದ ಕಾಲು ಭಾಗ ಹಾಕಿದರೆ, ಪ್ರತಿ ಇಂಟರ್ನಲ್ಸ್‌ಗೆ ಮುಂಚೆ ಸೀನಿಯರ್‌ಗಳು ಕೂತು ಒಂದು ಸಂಜೆ ಬರೀ ಚಿತ್ರ ಬರೆದು ಕನ್ನಡದಲ್ಲಿ ಹೇಳಿಕೊಡಬಹುದು. ಡಿಜೆ ಬೇಡ ಅಂತಲ್ಲ, ಅದೂ ಇರಲಿ.

ಕಾಲೇಜಿನಿಂದ ನಾನು ಕೇಳೋದು ಚಿಕ್ಕದು. ಸೆಮಿಸ್ಟರ್ ಎಂಡ್ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ, ಒಪ್ಕೊಂಡೆ. ಆದರೆ ಇಂಟರ್ನಲ್ಸ್ ಪೇಪರ್ ತೆಗೆಯೋರು ಇಲ್ಲೇ ಇದ್ದಾರೆ. ಅದರಲ್ಲಿ ಲೆಕ್ಕವೇ ಇಲ್ಲದ ಒಂದು ಪ್ರಶ್ನೆ, ಐದು ಮಾರ್ಕ್ಸ್‌ಗೆ. ಒಂದು ಕಾಂಟೂರ್ ನಕ್ಷೆ ಕೊಡಿ: ಗ್ರೇಡಿಯಂಟ್ ಬಾಣ ಹಾಕಿ, ಸ್ಯಾಡಲ್ ಎಲ್ಲಿದೆ ಗುರುತಿಸಿ ಅನ್ನಿ. ಇಲ್ಲಾಂದ್ರೆ ಲಿಮಿಟ್ ಕೊಟ್ಟು ರೀಜನ್ ಬರೆಯಿರಿ, ಇಂಟಿಗ್ರೇಟ್ ಮಾಡಬೇಡಿ ಅನ್ನಿ. ಪೈಥಾನ್ ಮ್ಯಾಥ್ಸ್ ಲ್ಯಾಬ್‌ನಲ್ಲಿ ಕೋಡ್ ಕಾಪಿ ಹೊಡೆದು ಉತ್ತರ ಪ್ರಿಂಟ್ ಮಾಡಿಸೋ ಬದಲು ಒಂದು ವಾರ ಬರೀ ಪ್ಲಾಟ್ ಮಾಡಿಸಿ. ಹತ್ತು ಸಾಲು ಕೋಡಿಗೆ ಇಡೀ ಬೆಟ್ಟ ಸ್ಕ್ರೀನ್ ಮೇಲೆ ಬರುತ್ತೆ, ಮೌಸ್ ಹಿಡಿದು ತಿರುಗಿಸಿ ನೋಡಬಹುದು. ಐದು ಮಾರ್ಕ್ಸ್ ಇದೆ ಅಂದ್ರೆ ನಾವು ಓದೇ ಓದ್ತೀವಿ, ನಮ್ಮ ಬುದ್ಧಿ ನಮಗೆ ಗೊತ್ತಿಲ್ವಾ.

ಇದನ್ನ ಹೇಳೋಕೆ ಎಚ್‌ಒಡಿ ಕ್ಯಾಬಿನ್ ಮುಂದೆ ನಿಲ್ಲಬೇಕಾಗಿಲ್ಲ. ಸೆಮಿಸ್ಟರ್ ಕೊನೆಗೆ ಒಂದು ಫೀಡ್‌ಬ್ಯಾಕ್ ಫಾರ್ಮ್ ಬರುತ್ತಲ್ಲ, ಹಾಲ್ ಟಿಕೆಟ್ ಬೇಕು ಅನ್ನೋ ಅವಸರಕ್ಕೆ ಎಲ್ಲದಕ್ಕೂ "ಎಕ್ಸಲೆಂಟ್" ಒತ್ತಿ ಸಬ್‌ಮಿಟ್ ಮಾಡ್ತೀವಲ್ಲ, ಅದರ ತಳದಲ್ಲಿ "ಸಲಹೆಗಳು" ಅಂತ ಒಂದು ಖಾಲಿ ಡಬ್ಬ ಇದೆ. ಈ ಸಲ ಅಲ್ಲಿ ಕನ್ನಡದಲ್ಲೇ ಒಂದು ಸಾಲು ಹಾಕಿ: ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್ಸ್‌ಗೆ ಒಂದು ಚಿತ್ರದ ಪ್ರಶ್ನೆ ಬೇಕು.