ದಿಗ್ಬಂಧನದ ಗಂಟು ಬಿಚ್ಚಿದವರು ಯಾರು?



ಒಂದು ದೇಶ ಇನ್ನೊಂದರ ಮೇಲೆ ಹೇರುವ ಆರ್ಥಿಕ ದಿಗ್ಬಂಧನ ಅಂದ್ರೆ ಕಲ್ಲಿನ ಶಾಸನ ಅಂತ ತಿಳಿದೀರಾ? ಅಲ್ಲವೇ ಅಲ್ಲ. ಅದು ಮುಳ್ಳುಬೇಲಿ. ಹಾಕಿದವನ ದನಕ್ಕೇ ಮೇವು ತಪ್ಪಿದರೆ ಅವನೇ ಕಿತ್ತು ದಾರಿ ಮಾಡ್ತಾನೆ.

1998ರ ಮೇ 11 ಮತ್ತು 13ರಂದು ನಮ್ಮ ದೇಶ ಪೋಖ್ರಾನಿನಲ್ಲಿ ಅಣುಬಾಂಬ್ ಪರೀಕ್ಷಿಸಿತು. 13ರಂದೇ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ದಿಗ್ಬಂಧನ ಹೇರಿದರು. ನೆರವು ಬಂದ್, ಅವರ ಬ್ಯಾಂಕುಗಳಿಂದ ನಮ್ಮ ಸರ್ಕಾರಕ್ಕೆ ಸಾಲ ಬಂದ್, ವಿಶ್ವಬ್ಯಾಂಕಿನ ಸಾಲಕ್ಕೂ ಅಡ್ಡಗಾಲು. ಅದೇ ತಿಂಗಳ ಕೊನೆಗೆ ಬಾಂಬ್ ಸಿಡಿಸಿದ ಪಾಕಿಸ್ತಾನಕ್ಕೂ ಅದೇ ಶಿಕ್ಷೆ.

ಆಮೇಲೆ ಏನಾಯ್ತು ನೋಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಗೋಧಿ ಬೆಳೆಗಾರರಿಗೆ ಪಾಕಿಸ್ತಾನ ದೊಡ್ಡ ಗಿರಾಕಿ. ಅಮೆರಿಕ ಸರ್ಕಾರದ ಸಾಲ ಖಾತರಿ ನಿಂತರೆ ಆ ವ್ಯಾಪಾರವೇ ಕೈತಪ್ಪುತ್ತಿತ್ತು. ರೈತರು ಗದ್ದಲ ಎಬ್ಬಿಸಿದರು. ಜುಲೈ 9ರಂದು ಸೆನೆಟ್ಟಿನಲ್ಲಿ ಪರವಾಗಿ 98 ಮತ, ವಿರೋಧ ಒಂದೂ ಇಲ್ಲ! ಜುಲೈ 14ಕ್ಕೆ ಕ್ಲಿಂಟನ್ ಸಹಿ. ಎರಡೇ ತಿಂಗಳಲ್ಲಿ ರೈತನ ಮಾಲಿಗೆ ವಿನಾಯಿತಿ.

ಉಳಿದದ್ದು? ವರ್ಷದ ಕೊನೆಗೆ ಒಂದಿಷ್ಟು ಸಡಿಲ. 2001ರ ಸೆಪ್ಟೆಂಬರ್ 22ರಂದು ಹೆಚ್ಚಿನವೆಲ್ಲ ರದ್ದು. ನ್ಯೂಯಾರ್ಕಿನ ಗೋಪುರಗಳು ಬಿದ್ದು ಹನ್ನೊಂದು ದಿನವಾಗಿತ್ತು, ಆಫ್ಘಾನಿಸ್ತಾನದ ಯುದ್ಧಕ್ಕೆ ಪಾಕಿಸ್ತಾನ ಬೇಕಾಗಿತ್ತು! ಆದರೆ ಇಸ್ರೋದ ಉಳಿದ ಸಂಸ್ಥೆಗಳು ನಿರ್ಬಂಧದ ಪಟ್ಟಿಯಿಂದ ಬಿಡುಗಡೆಯಾದದ್ದು 2011ರಲ್ಲಿ. ಗೋಧಿಗಿದ್ದ ಅವಸರ ರಾಕೆಟ್ಟಿನ ಸಾಮಾನಿಗೆ ಇರಲಿಲ್ಲ.

ಈಗ ನಮ್ಮ ಮನೆಗೆ ಬನ್ನಿ. 2023ರ ಡಿಸೆಂಬರ್ 8ರಂದು ಈರುಳ್ಳಿ ರಫ್ತು ನಿಷೇಧವಾಯ್ತು. ಇದು ಯಾವ ಶತ್ರು ದೇಶ ಹಾಕಿದ ದಿಗ್ಬಂಧನ ಸ್ವಾಮಿ? ದೆಹಲಿಯ ನಮ್ಮದೇ ಸರ್ಕಾರ ನಮ್ಮ ಮೇಲೆ ಹಾಕಿದ್ದು! ತೆಗೆದದ್ದು 2024ರ ಮೇ 4ರಂದು, ಲೋಕಸಭಾ ಚುನಾವಣೆ ನಡೀತಿದ್ದಾಗ. ಅದೂ ಶೇ. 40 ಸುಂಕ ಇಟ್ಟು. ಆ ಐದು ತಿಂಗಳು ಬ್ಯಾಂಕಿನ ಬಡ್ಡಿ ಒಂದು ದಿನವಾದರೂ ನಿಂತಿತ್ತೇ?

ಪೇಟೆಯವರಿಗೆ ಬೆಲೆ ಏರುತ್ತೆ ಅಂತಾರೆ. ಏರಬಾರದು ಸರಿ. ಆದ್ರೆ ಅದರ ಹೊರೆ ರೈತನೊಬ್ಬನ ತಲೆಗೇ ಯಾಕೆ? ರಫ್ತು ತಡೆದ ದಿನಗಳ ಬಡ್ಡಿಯನ್ನು ಸರ್ಕಾರವೇ ಕಟ್ಟಲಿ, ಬೆಲೆ ಕುಸಿದ ನಷ್ಟ ತುಂಬಿಕೊಡಲಿ. ಇದು ಭಿಕ್ಷೆಯಲ್ಲ, ಬಾಕಿ.

ವಾಷಿಂಗ್ಟನ್ ರಾಜ್ಯದ ಗೋಧಿ ರೈತನ ಕೈಲಿ ಬಾಂಬ್ ಇರಲಿಲ್ಲ, ಒಗ್ಗಟ್ಟಿತ್ತು. ಅಳುವ ಮಗುವಿಗೇ ಹಾಲು. ನಾವು ಜಾತಿಗೊಂದು, ಪಕ್ಷಕ್ಕೊಂದು ಜಗಲಿ ಹಿಡಿದು ಕೂತರೆ ನಮ್ಮ ಬೇಲಿ ಕೀಳೋರು ಯಾರು?